‘ಕಾಲ್ ಮೈ ಹಸ್ಬೆಂಡ್ ಆರ್ ಐ’ ಅನ್ನಬೇಕಾ, ‘ಮಿ’ ಅನ್ನಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಹೋಮ್‌ಸ್ಟೇ ಇದೆ. ಗೆಸ್ಟ್‌ಗಳಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸುವ ಕೆಲಸ ನನ್ನದು. ಮೊನ್ನೆ ‘ಪ್ಲೀಸ್ ಕಾಲ್ ಮೈ ಹಸ್ಬೆಂಡ್ ಆರ್ ಐ’ ಎಂದು ಬರೆದೆ. ನಾದಿನಿ ನೋಡಿ, ಅದು ‘ಮಿ’ ಆಗಬೇಕು ಅಂದಳು. ಆದರೆ ಶಾಲೆಯಲ್ಲಿ ‘ಅಂಡ್ ಮಿ’ ಅಂದರೆ ಬೈಗುಳ ಬೀಳುತ್ತಿತ್ತು. ‘ಅಂಡ್ ಐ’ ಎನ್ನಬೇಕು ಎಂದು ಕಲಿಸಿದ್ದರು. ಯಾವುದು ಸರಿ? ಕನ್ನಡದಲ್ಲಿ ನಾನು, ನನಗೆ, ನನ್ನನ್ನು ಅಂತ ಯೋಚನೆಯೇ ಇಲ್ಲದೆ ಮಾತಾಡುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಯಾಕೆ ಎಡವುತ್ತೇವೆ? ಇನ್ನೊಂದು ಸಣ್ಣ ಅನುಮಾನ. ಮಾವನವರ ಬಗ್ಗೆ ಬರೆಯುವಾಗ ‘ಹಿ’ ಅನ್ನಲು ಮನಸ್ಸು ಒಪ್ಪುವುದಿಲ್ಲ. ‘ದೇ’ ಎಂದು ಬರೆಯಬಹುದಾ?

ಉತ್ತರ: ನಿಮ್ಮ ನಾದಿನಿ ಹೇಳಿದ್ದು ಸರಿ. ‘ಪ್ಲೀಸ್ ಕಾಲ್ ಮೈ ಹಸ್ಬೆಂಡ್ ಆರ್ ಮಿ’ ಎಂದೇ ಆಗಬೇಕು. ಇದನ್ನು ತಿಳಿಯಲು ವ್ಯಾಕರಣದ ಪುಸ್ತಕ ತೆರೆಯಬೇಕಿಲ್ಲ. ವಾಕ್ಯದಿಂದ ನಿಮ್ಮ ಯಜಮಾನರನ್ನು ಸ್ವಲ್ಪ ಹೊತ್ತು ಆಚೆ ಕಳಿಸಿ. ಉಳಿಯುವುದೇನು? ‘ಪ್ಲೀಸ್ ಕಾಲ್ ಐ.’ ಹಾಗೆ ಯಾರಾದರೂ ಅನ್ನುತ್ತಾರಾ? ನೀವೂ ಅನ್ನುವುದಿಲ್ಲ. ‘ಪ್ಲೀಸ್ ಕಾಲ್ ಮಿ’ ಎಂದು ದಿನಾ ಬರೆಯುತ್ತೀರಿ. ಯಜಮಾನರು ಪಕ್ಕದಲ್ಲಿ ಬಂದು ನಿಂತ ಮಾತ್ರಕ್ಕೆ ‘ಮಿ’ ಹೋಗಿ ‘ಐ’ ಆಗುವುದಿಲ್ಲ.

ಶಾಲೆಯಲ್ಲಿ ಬೈದವರದ್ದೂ ಪೂರ್ತಿ ತಪ್ಪಲ್ಲ ಬಿಡಿ. ಯಾರೋ ಹುಡುಗ ‘ಮಿ ಅಂಡ್ ರವಿ ವೆಂಟ್ ಟು ಬೇಲೂರು’ ಎಂದಿರುತ್ತಾನೆ. ಮೇಷ್ಟ್ರು ‘ರವಿ ಅಂಡ್ ಐ ವೆಂಟ್’ ಎಂದು ತಿದ್ದಿರುತ್ತಾರೆ. ಅಲ್ಲಿ ಅದು ಸರಿಯೇ. ರವಿಯನ್ನು ತೆಗೆದರೆ ‘ಐ ವೆಂಟ್’ ಉಳಿಯುತ್ತದೆ, ‘ಮಿ ವೆಂಟ್’ ಅಲ್ಲ. ತೊಂದರೆ ಆಗುವುದು ಆಮೇಲೆ. ಆ ಒಂದು ವಾಕ್ಯಕ್ಕೆ ಹೇಳಿದ ಮಾತನ್ನು ಹುಡುಗ ಎಲ್ಲ ವಾಕ್ಯಕ್ಕೂ ಹಾಕಿಕೊಳ್ಳುತ್ತಾನೆ. ‘ಅಂಡ್ ಮಿ’ ಅಂದರೆ ಹಳ್ಳಿಗಾಡು, ‘ಅಂಡ್ ಐ’ ಅಂದರೆ ಡೀಸೆಂಟು ಎಂಬ ಭಾವನೆ ತಲೆಯಲ್ಲಿ ಕೂತುಬಿಡುತ್ತದೆ. ಮುಂದೆ ಅವನು ‘ಸರ್ ಕಾಲ್ಡ್ ರವಿ ಅಂಡ್ ಐ’ ಎಂದು ಬರೆಯುತ್ತಾನೆ. ಅದೂ ಬಹಳ ಧೈರ್ಯವಾಗಿ. ಇದು ನಮ್ಮ ಮಕ್ಕಳ ಕಾಯಿಲೆ ಮಾತ್ರ ಅಲ್ಲ. ಇಂಗ್ಲಿಷ್ ಮನೆಮಾತಾಗಿರುವ ಅಮೆರಿಕ, ಇಂಗ್ಲೆಂಡಿನವರೂ ‘ಬಿಟ್ವೀನ್ ಯು ಅಂಡ್ ಐ’ ಅನ್ನುವುದನ್ನು ಕೇಳಿದ್ದೇನೆ. ಅವರಿಗೂ ಚಿಕ್ಕಂದಿನಲ್ಲಿ ಇದೇ ಬೈಗುಳ ಬಿದ್ದಿರುತ್ತದೆ.

ಹಾಗಾಗಿ ಮೊದಲು ‘ಮಿ’ ಮೇಲಿನ ಅಂಜಿಕೆ ಬಿಡಿ. ‘ಮಿ’ ಕೀಳು ಪದ ಅಲ್ಲ. ‘ಐ’, ‘ಹಿ’, ‘ಶಿ’, ‘ವಿ’, ‘ದೇ’ ಇವು ಕೆಲಸ ಮಾಡುವವರ ಕಡೆಯ ಪದಗಳು. ‘ಮಿ’, ‘ಹಿಮ್’, ‘ಹರ್’, ‘ಅಸ್’, ‘ದೆಮ್’ ಇವು ಆ ಕೆಲಸ ಯಾರ ಮೇಲೆ ಆಯಿತು, ಯಾರಿಗಾಗಿ ಆಯಿತು, ಯಾರ ಜೊತೆ ಆಯಿತು ಎಂದು ಹೇಳುವ ಪದಗಳು. ‘ಯು’, ‘ಇಟ್’ ಎರಡೂ ಕಡೆ ಒಂದೇ ಥರ ಇರುತ್ತವೆ. ಪಟ್ಟಿ ಇಷ್ಟೇ. ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಬಾಯಿಪಾಠ ಮಾಡಿದವರೂ ತಪ್ಪು ಮಾಡುತ್ತಾರಲ್ಲ, ನಿಮ್ಮ ನಿಜವಾದ ಪ್ರಶ್ನೆ ಇರುವುದು ಅಲ್ಲಿ.

ಕನ್ನಡ ಎಲ್ಲವನ್ನೂ ಪದದ ಬಾಲದಲ್ಲಿ ಹೇಳಿಬಿಡುತ್ತದೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ರಾಗವಾಗಿ ಹೇಳಿಸುತ್ತಿದ್ದರಲ್ಲ, ಅದೇ ವಿಭಕ್ತಿ. ನಿಮ್ಮ ಕಡೆಯದೇ ವಾಕ್ಯ ನೋಡಿ. ‘ಆನೆ ರೈಟರನ್ನು ಅಟ್ಟಿಸಿಕೊಂಡು ಹೋಯಿತು.’ ಇದನ್ನೇ ‘ರೈಟರನ್ನು ಆನೆ ಅಟ್ಟಿಸಿಕೊಂಡು ಹೋಯಿತು’ ಎಂದರೂ ಓಡಿದವನು ರೈಟರೇ. ಪದ ಎಲ್ಲಿಗೆ ಬೇಕಾದರೂ ಹೋಗಲಿ, ‘ಅನ್ನು’ ಅವನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ದಿ ಎಲಿಫೆಂಟ್ ಚೇಸ್ಡ್ ದಿ ರೈಟರ್’ ಎಂಬುದನ್ನು ತಿರುಗಿಸಿ ‘ದಿ ರೈಟರ್ ಚೇಸ್ಡ್ ದಿ ಎಲಿಫೆಂಟ್’ ಎಂದರೆ ಆನೆಯೇ ಓಡಿಹೋಯಿತು ಎಂದಾಗುತ್ತದೆ. ಅಲ್ಲಿ ಬಾಲ ಇಲ್ಲ, ಜಾಗವೇ ಎಲ್ಲ. ಕ್ರಿಯಾಪದಕ್ಕಿಂತ ಮುಂಚೆ ಕೂತವನು ಮಾಡುವವನು, ಆಮೇಲೆ ಕೂತವನು ಅನುಭವಿಸುವವನು. (ಅಂದಹಾಗೆ, ಗೆಸ್ಟ್‌ಗಳ ಹತ್ತಿರ ಸುಮ್ನೆ ‘ರೈಟರ್’ ಅನ್ನಬೇಡಿ. ಕಥೆಗಾರರು ತೋಟದಲ್ಲಿ ಉಳಿದುಕೊಂಡಿದ್ದಾರೆ ಅಂದುಕೊಳ್ಳುತ್ತಾರೆ. ತೋಟದ ಲೆಕ್ಕ ಬರೆಯುವವರು ಎಂದು ಬಿಡಿಸಿ ಹೇಳಿ.)

ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮ ಹಾಗೇ ವಿಭಕ್ತಿ ಇತ್ತು. ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು. ಆ ಹೊತ್ತಿನಲ್ಲಿ ಆಂಗ್ಲರು, ಸ್ಯಾಕ್ಸನ್ನರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದು ನೆಲೆಸಲು ಶುರು ಮಾಡಿದ್ದರು. ಅವರು ತಂದ ಭಾಷೆಯಲ್ಲಿ ಪ್ರತಿ ನಾಮಪದಕ್ಕೂ ಬಾಲಗಳಿದ್ದವು. ಕಾಲ ಕಳೆದಂತೆ ಅವು ಸವೆದವು. 1066ರಲ್ಲಿ ನಾರ್ಮನ್ನರ ಆಳ್ವಿಕೆ ಬಂದ ಮೇಲಿನ ಕೆಲವು ಶತಮಾನಗಳಲ್ಲಿ ಹೆಚ್ಚುಕಡಿಮೆ ಎಲ್ಲ ಉದುರಿಹೋದವು. ಉಳಿದಿದ್ದು ಹೆಚ್ಚಾಗಿ ಸರ್ವನಾಮಗಳಲ್ಲಿ. ಅಲ್ಲೂ ಪೂರ್ತಿ ಉಳಿಯಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಅವನನ್ನು’ ಎನ್ನಲು ‘ಹಿನೆ’ ಎಂದು ಬೇರೆ ಪದ ಇತ್ತು. ‘ಹಿಮ್’ ಎಂದರೆ ‘ಅವನಿಗೆ’. ಆಮೇಲೆ ‘ಹಿನೆ’ ಸತ್ತು, ‘ಹಿಮ್’ ಎರಡೂ ಕೆಲಸ ಹೊತ್ತುಕೊಂಡಿತು. ಅದಕ್ಕೇ ಇವತ್ತು ‘ಅವನನ್ನು ನೋಡಿದೆ’ ಅಂದರೂ ‘ಹಿಮ್’, ‘ಅವನಿಗೆ ಕೊಟ್ಟೆ’ ಅಂದರೂ ‘ಹಿಮ್’. ‘ಅವನ ಜೊತೆ’, ‘ಅವನಿಂದ’, ‘ಅವನಲ್ಲಿ’ ಎಲ್ಲಕ್ಕೂ ಅದೊಂದೇ. ನಮ್ಮ ಅರ್ಧ ಡಜನ್ ರೂಪಗಳು ಅವರ ಒಂದೇ ಪದದಲ್ಲಿ ತುಂಬಿಕೊಂಡಿವೆ.

ಇದು ಅರ್ಥವಾದರೆ ನಾವು ಎಡವುವ ಜಾಗ ಕಾಣುತ್ತದೆ. ಎಡವುವುದು ಇಂಗ್ಲಿಷ್ ಕಷ್ಟ ಅಂತಲ್ಲ. ತಲೆಯಲ್ಲಿ ಕನ್ನಡ ವಾಕ್ಯ ಓಡುತ್ತಿರುತ್ತದೆ, ನಾವು ಅದರ ಬಾಲ ನೋಡಿ ಇಂಗ್ಲಿಷ್ ಪದ ಆರಿಸುತ್ತೇವೆ. ‘ನಾನು’ ಅಂದರೆ ‘ಐ’, ‘ನನಗೆ’ ಅಂದರೆ ‘ಮಿ’ ಎಂದು ಲೆಕ್ಕ ಹಾಕುತ್ತೇವೆ. ಬಹಳ ಸಲ ಅದು ಸರಿ ಹೋಗುತ್ತದೆ. ಕೆಲವು ಕಡೆ ಪೂರ್ತಿ ಉಲ್ಟಾ ಆಗುತ್ತದೆ.

ಅಂಥದ್ದರಲ್ಲಿ ದೊಡ್ಡದು ‘ಗೊತ್ತು, ಬೇಕು, ಇಷ್ಟ, ಸಾಕು, ಹಸಿವು, ನೆನಪು’ ಗುಂಪು. ಕನ್ನಡದಲ್ಲಿ ಇವಕ್ಕೆಲ್ಲ ‘ನನಗೆ’ ಬೇಕು. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಐ’: ‘ಐ ನೋ’, ‘ಐ ವಾಂಟ್’, ‘ಐ ಆಮ್ ಹಂಗ್ರಿ’. ಒಬ್ಬರೇ ಇದ್ದಾಗ ಇಲ್ಲಿ ಯಾರೂ ತಪ್ಪುವುದಿಲ್ಲ, ‘ಮಿ ನೋ’ ಅನ್ನುವವರು ಇಲ್ಲ. ಇಬ್ಬರು ಬಂದಾಗ ಗೊಂದಲ ಶುರು. ಹಾಸನದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗರು ಇಲ್ಲೇ ಜಾಸ್ತಿ ಬೀಳುವುದು. ಇನ್ನೂ ಗಟ್ಟಿ ಉದಾಹರಣೆ ಬೇಕಾದರೆ ‘ನನಗೆ ಅವನು ಗೊತ್ತು’ ಎಂಬ ಮೂರು ಪದಗಳ ವಾಕ್ಯ ತೆಗೆದುಕೊಳ್ಳಿ. ಬಾಲ ನೋಡಿದರೆ ‘ನನಗೆ’ ಅಂದರೆ ‘ಮಿ’, ‘ಅವನು’ ಅಂದರೆ ‘ಹಿ’. ಆದರೆ ಇಂಗ್ಲಿಷ್ ವಾಕ್ಯ ‘ಐ ನೋ ಹಿಮ್’. ಎರಡೂ ಅದಲುಬದಲು! ಇದನ್ನು ಅರ್ಧ ಸರಿ ಮಾಡಿಕೊಂಡು ಅರ್ಧ ಬಿಟ್ಟವರು ‘ಐ ನೋ ಹಿ’ ಅನ್ನುತ್ತಾರೆ. ‘ಅವಳಿಗೆ ನಾನು ಅಂದರೆ ಇಷ್ಟ’ ಎಂಬುದೂ ಹಾಗೇ. ‘ಅವಳಿಗೆ’ ಅನ್ನುವುದು ‘ಶಿ’ ಆಗಿ ಮುಂದೆ ಬರುತ್ತದೆ, ‘ನಾನು’ ಅನ್ನುವುದು ‘ಮಿ’ ಆಗಿ ಹಿಂದೆ ಹೋಗುತ್ತದೆ. ‘ಶಿ ಲೈಕ್ಸ್ ಮಿ.’

ಹಳೆಯ ಇಂಗ್ಲಿಷ್ ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಆಗ ಅವರೂ ನಮ್ಮ ಹಾಗೇ ಹೇಳುತ್ತಿದ್ದರು. ‘ಮಿಥಿಂಕ್ಸ್’ ಎಂಬ ಹಳೇ ಪದ ನಾಟಕ, ಪದ್ಯಗಳಲ್ಲಿ ಇವತ್ತೂ ಸಿಗುತ್ತದೆ. ಅದು ‘ಐ ಥಿಂಕ್’ ಎಂಬುದರ ತಪ್ಪು ರೂಪ ಅಲ್ಲ. ಅಲ್ಲಿ ‘ಮಿ’ ಅಂದರೆ ‘ನನಗೆ’, ‘ಥಿಂಕ್ಸ್’ ಅಂದರೆ ‘ಅನಿಸುತ್ತದೆ’. ನಮ್ಮ ‘ನನಗನಿಸುತ್ತೆ’ ಇದ್ದ ಹಾಗೇ ಇದೆ, ಅಲ್ವಾ? ‘ಲೈಕ್’ ಕೂಡ ಹಿಂದೆ ಹೀಗೇ ಇತ್ತು. ‘ಅದು ನನಗೆ ಹಿಡಿಸುತ್ತದೆ’ ಎಂಬ ಧಾಟಿಯಲ್ಲಿ ವಾಕ್ಯ ಕಟ್ಟುತ್ತಿದ್ದರು. ಕ್ರಮೇಣ ಇಂಗ್ಲಿಷ್ ತನ್ನ ಚಾಳಿ ಬದಲಿಸಿತು. ಯಾರ ಮನಸ್ಸಿನಲ್ಲಿ ಆಸೆ, ಅರಿವು, ಹಸಿವು ಇದೆಯೋ ಅವರನ್ನೇ ಕರ್ತೃ ಮಾಡಿ ಕ್ರಿಯಾಪದದ ಮುಂದೆ ಕೂರಿಸಿತು. ನಾವು ಇನ್ನೂ ‘ನನಗೆ’ಯಲ್ಲೇ ಇದ್ದೇವೆ, ಇರಲಿ.

ಈಗ ನಿಮ್ಮ ಹೋಮ್‌ಸ್ಟೇಗೇ ಬರುತ್ತೇನೆ. ಈ ಎರಡು ವಾಕ್ಯ ಪಕ್ಕ ಪಕ್ಕ ಇಟ್ಟು ನೋಡಿ. ‘ನನಗೂ ನನ್ನ ಗಂಡನಿಗೂ ಫಿಲ್ಟರ್ ಕಾಫಿ ಇಷ್ಟ.’ ‘ನನಗೂ ನನ್ನ ಗಂಡನಿಗೂ ಗೆಸ್ಟ್ ಸ್ವೀಟ್ಸ್ ತಂದರು.’ ಕನ್ನಡದಲ್ಲಿ ಮೊದಲ ಮೂರು ಪದ ಅಕ್ಷರಕ್ಕೆ ಅಕ್ಷರ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ‘ಮೈ ಹಸ್ಬೆಂಡ್ ಅಂಡ್ ಐ ಲೈಕ್ ಫಿಲ್ಟರ್ ಕಾಫಿ’. ಎರಡನೆಯದು ‘ದಿ ಗೆಸ್ಟ್ಸ್ ಬ್ರಾಟ್ ಮೈ ಹಸ್ಬೆಂಡ್ ಅಂಡ್ ಮಿ ಸಮ್ ಸ್ವೀಟ್ಸ್’. ಮೊದಲನೆಯದರಲ್ಲಿ ‘ಲೈಕ್’ ಮಾಡುವವರು ನೀವು. ಎರಡನೆಯದರಲ್ಲಿ ‘ಬ್ರಾಟ್’ ಮಾಡಿದವರು ಗೆಸ್ಟ್‌ಗಳು, ನೀವು ತೆಗೆದುಕೊಂಡವರು ಅಷ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಕನ್ನಡದ ಬಾಲದ ಬಗ್ಗೆ ಅಲ್ಲ. ಇಂಗ್ಲಿಷ್ ವಾಕ್ಯದ ಕ್ರಿಯಾಪದ ಹಿಡಿದುಕೊಂಡು ‘ಇದನ್ನು ಮಾಡಿದವರು ಯಾರು?’ ಎಂದು ಕೇಳಬೇಕು. ಉತ್ತರದಲ್ಲಿ ನೀವಿದ್ದರೆ ‘ಐ’. ಇಲ್ಲದಿದ್ದರೆ ‘ಮಿ’. ಅನುಮಾನ ಉಳಿದರೆ ಯಜಮಾನರನ್ನು ಮತ್ತೆ ಆಚೆ ಕಳಿಸಿ ವಾಕ್ಯವನ್ನು ಗಟ್ಟಿಯಾಗಿ ಓದಿ. ಕಿವಿಯೇ ಹೇಳುತ್ತದೆ.

ಇದಕ್ಕೆ ತದ್ವಿರುದ್ಧ ಇನ್ನೊಂದು ಗುಂಪು ಇದೆ. ಅಲ್ಲಿ ಕನ್ನಡ ‘ಅವನು’ ಎನ್ನುತ್ತದೆ, ಇಂಗ್ಲಿಷ್ ‘ಹಿಮ್’ ಕೇಳುತ್ತದೆ. ‘ಅವನು ಬರಲಿ’ ಎಂಬುದು ‘ಲೆಟ್ ಹಿಮ್ ಕಮ್’. ಬರುವವನು ಅವನೇ ತಾನೇ, ‘ಹಿ’ ಯಾಕಲ್ಲ ಎಂದು ನೀವು ಕೇಳಬಹುದು. ‘ಲೆಟ್’ ಎಂದರೆ ‘ಬಿಡು’. ‘ಅವನನ್ನು ಬರಲು ಬಿಡು’ ಎಂದು ವಾಕ್ಯದ ಒಳಗಿನ ಕಟ್ಟು. ಬಿಡುವವರು ಬೇರೆ, ಅವನು ಬಿಡಿಸಿಕೊಂಡವನು. ‘ನಾವೆಲ್ಲ ಹೋಗೋಣ’ ಎಂಬ ‘ಲೆಟ್ಸ್ ಗೋ’ ಕೂಡ ‘ಲೆಟ್ ಅಸ್’ ಎಂಬುದರ ಮೊಟಕು ರೂಪ. ‘ಅವರು ಬೇಗ ಬರಬೇಕು ಅಂತ ನನ್ನಾಸೆ’ ಎನ್ನುವುದೂ ಹಾಗೇ: ‘ಐ ವಾಂಟ್ ದೆಮ್ ಟು ಕಮ್ ಅರ್ಲಿ’. ‘ಅವಳು ಹಾಡುವುದನ್ನು ಕೇಳಿದೆ’ ಎಂದರೆ ‘ಐ ಹರ್ಡ್ ಹರ್ ಸಿಂಗ್’. ಇಂಥ ಕಡೆ ವಾಕ್ಯದ ಮೊದಲ ಕ್ರಿಯಾಪದ ಯಾರದ್ದು ಎಂದಷ್ಟೇ ನೋಡಿ. ಅದು ‘ವಾಂಟ್’, ಅದು ‘ಹರ್ಡ್’. ಅದರ ಒಡೆಯರು ನೀವು. ಮಿಕ್ಕವರೆಲ್ಲ ಅದರ ಹಿಂದೆ ಬಂದವರು.

ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಇನ್ನೊಂದು ಗುಂಡಿ ಇದೆ. ‘ಅವರನ್ನು ಆಸ್ಪತ್ರೆಗೆ ದಾಖಲಿಸಲಾಯಿತು’, ‘ಅವನನ್ನು ಆಯ್ಕೆ ಮಾಡಲಾಯಿತು’ ಎಂದು ದಿನಾ ಓದುತ್ತೇವೆ. ‘ಅನ್ನು’ ಇದೆಯಲ್ಲ ಎಂದು ‘ಹಿಮ್ ವಾಸ್ ಸೆಲೆಕ್ಟೆಡ್’ ಎಂದು ಬರೆದುಬಿಟ್ಟರೆ ಕೆಟ್ಟಿತು. ಇಂಗ್ಲಿಷಿನ ಪ್ಯಾಸಿವ್‌ನಲ್ಲಿ ‘ವಾಸ್’ ಮುಂದೆ ಕೂತವನೇ ಕರ್ತೃವಿನ ರೂಪ ತೊಡಬೇಕು. ‘ಹಿ ವಾಸ್ ಸೆಲೆಕ್ಟೆಡ್.’ ಆಯ್ಕೆ ಮಾಡಿದವರು ಕಮಿಟಿಯವರು ಎಂಬುದು ನಿಜ, ಆದರೆ ‘ವಾಸ್’ ಜೊತೆ ಹೊಂದಿಕೊಂಡವನು ಅವನು. ‘ಮಾಡಿದವರು ಯಾರು’ ಎಂದು ನಾನು ಮೇಲೆ ಹೇಳಿದ ಪ್ರಶ್ನೆ ಕೈಕೊಡುವ ಜಾಗ ಇದು. ಇಲ್ಲಿ ಒಬ್ಬರನ್ನು ಆಚೆ ಕಳಿಸಿ ಕಿವಿಗೆ ಕೇಳಿಸುವುದೇ ವಾಸಿ.

‘ಮುಂದೆ ಕೂತವನು, ಹಿಂದೆ ಕೂತವನು’ ಎಂದೆನಲ್ಲ, ಅದಕ್ಕೂ ಒಂದು ಸಣ್ಣ ತಿದ್ದುಪಡಿ. ಪ್ರಶ್ನೆ ಕೇಳುವಾಗ ಇಂಗ್ಲಿಷ್ ಕರ್ತೃವನ್ನು ಒಂದು ಹೆಜ್ಜೆ ಹಿಂದೆ ಸರಿಸುತ್ತದೆ. ‘ಕ್ಯಾನ್ ಹಿ ಅಂಡ್ ಐ ಚೆಕ್ ಇನ್ ಅರ್ಲಿ?’ ಎಂದು ಗೆಸ್ಟ್ ಕೇಳಿದರೆ ಅದು ಸರಿಯೇ. ‘ಕ್ಯಾನ್’ ಮುಂಚೆ ಬಂದಿದೆ ಎಂದು ‘ಹಿಮ್ ಅಂಡ್ ಮಿ’ ಮಾಡಬೇಡಿ.

ಪ್ರಿಪೊಸಿಷನ್ ವಿಷಯ ಬೇಗ ಮುಗಿಯುತ್ತದೆ. ‘ವಿತ್’, ‘ಫಾರ್’, ‘ಟು’, ‘ಫ್ರಮ್’, ‘ಬೈ’, ‘ಬಿಟ್ವೀನ್’, ‘ಎಕ್ಸೆಪ್ಟ್’, ‘ಅಬೌಟ್’ ಇವುಗಳ ಹಿಂದೆ ಯಾವತ್ತೂ ‘ಮಿ’, ‘ಹಿಮ್’, ‘ಹರ್’. ಕನ್ನಡದಲ್ಲಿ ಇಲ್ಲಿ ‘ನನ್ನ’ ಬರುತ್ತದೆ: ನನ್ನ ಜೊತೆ, ನನ್ನ ಬಗ್ಗೆ. ಅದಕ್ಕೆ ಹೊಸದಾಗಿ ಕಲಿಯುವವರು ‘ವಿತ್ ಮೈ’ ಅನ್ನುವುದುಂಟು. ‘ಮೈ’ ಹಿಂದೆ ಏನಾದರೂ ವಸ್ತುವೋ ವ್ಯಕ್ತಿಯೋ ಇರಲೇಬೇಕು. ‘ಹರ್’ ಒಂದು ಮಾತ್ರ ಎರಡೂ ಕೆಲಸ ಮಾಡುತ್ತದೆ, ‘ವಿತ್ ಹರ್’ ಮತ್ತು ‘ವಿತ್ ಹರ್ ಸನ್’. ‘ನಮ್ಮಿಬ್ಬರಲ್ಲೇ ಇರಲಿ’ ಎಂಬ ಗುಟ್ಟಿನ ಮಾತು ‘ಬಿಟ್ವೀನ್ ಯು ಅಂಡ್ ಮಿ’. ಯಾರು ಎಷ್ಟೇ ದೊಡ್ಡ ಮನುಷ್ಯರು ‘ಯು ಅಂಡ್ ಐ’ ಎಂದರೂ ಬರವಣಿಗೆಯಲ್ಲಿ ನೀವು ‘ಮಿ’ ಎಂದೇ ಬರೆಯಿರಿ.

‘ನನಗಿಂತ’ ಎಂಬುದಕ್ಕೆ ‘ದ್ಯಾನ್ ಮಿ’ ಸರಿಯೋ ‘ದ್ಯಾನ್ ಐ’ ಸರಿಯೋ ಎಂಬ ಜಗಳ ಇಂಗ್ಲಿಷಿನವರಲ್ಲೇ ಇದೆ. ‘ಶಿ ಪಿಕ್ಸ್ ಫಾಸ್ಟರ್ ದ್ಯಾನ್ ಮಿ’, ಅಂದರೆ ಅವಳು ನನಗಿಂತ ಬೇಗ ಹಣ್ಣು ಬಿಡಿಸುತ್ತಾಳೆ ಎಂದು ಮಾತಿನಲ್ಲಿ ಹೇಳಿದರೆ ಯಾರೂ ತಪ್ಪು ಎಣಿಸುವುದಿಲ್ಲ. ಹಳೇ ಕಾಲದ ಪರೀಕ್ಷಕರು ‘ದ್ಯಾನ್ ಐ’ ಕೇಳುತ್ತಾರೆ. ‘ದ್ಯಾನ್ ಐ ಡೂ’ ಎಂದು ಬರೆದರೆ ಇಬ್ಬರ ಬಾಯೂ ಮುಚ್ಚುತ್ತದೆ. ನಾನು ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಆದರೆ ಅರ್ಥ ಬದಲಾಗುವ ಕಡೆ ಹುಷಾರು. ‘ಮೈ ಮದರ್ ಇನ್ ಲಾ ಲವ್ಸ್ ದಿ ಡಾಗ್ ಮೋರ್ ದ್ಯಾನ್ ಮಿ’ ಎಂದರೆ ಅತ್ತೆಗೆ ಸೊಸೆಯ ಮೇಲಿನ ಪ್ರೀತಿಗಿಂತ ನಾಯಿ ಮೇಲಿನ ಪ್ರೀತಿ ಜಾಸ್ತಿ ಎಂದು ಕೇಳುವವರಿಗೆ ಅನಿಸಬಹುದು. ‘ದ್ಯಾನ್ ಐ ಡೂ’ ಎಂದರೆ ನಾಯಿಯನ್ನು ನಾನು ಪ್ರೀತಿಸುವುದಕ್ಕಿಂತ ಅವರು ಹೆಚ್ಚು ಪ್ರೀತಿಸುತ್ತಾರೆ ಎಂದಷ್ಟೇ. ಗೆಸ್ಟ್ ಮುಂದೆ ಯಾವುದನ್ನು ಹೇಳಬೇಕು ಎನ್ನುವುದು ನಿಮ್ಮ ಮನೆ ವಿಷಯ. ಕನ್ನಡದ ‘ಅತ್ತೆಗೆ ನನಗಿಂತ ನಾಯಿ ಮೇಲೆ ಪ್ರೀತಿ ಜಾಸ್ತಿ’ ಎಂಬ ವಾಕ್ಯದಲ್ಲೂ ಇದೇ ಗೊಂದಲ ಇದೆ, ನಾವು ಗಮನಿಸಿರುವುದಿಲ್ಲ ಅಷ್ಟೇ.

ಬಾಗಿಲು ತಟ್ಟಿದಾಗ ‘ಯಾರು?’ ಎಂದರೆ ‘ಇಟ್ಸ್ ಮಿ’ ಎನ್ನಿ. ‘ಇಟ್ ಈಸ್ ಐ’ ಎನ್ನಬೇಕು ಎಂಬ ಪಾಠ ಕೆಲವರಿಗೆ ನೆನಪಿರಬಹುದು. ಲ್ಯಾಟಿನ್ ವ್ಯಾಕರಣವನ್ನು ಮಾದರಿ ಮಾಡಿಕೊಂಡ ಹಿಂದಿನ ಪಂಡಿತರು ಇಂಗ್ಲಿಷಿಗೂ ಆ ಕಟ್ಟು ಹಾಕಲು ನೋಡಿದರು. ಜನ ಕೇಳಲಿಲ್ಲ. ಈಗ ಅದು ನಾಟಕದ ಡೈಲಾಗಿನ ಹಾಗೆ ಕೇಳಿಸುತ್ತದೆ. ‘ನಾನೂ’ ಎನ್ನಲು ‘ಮಿ ಟೂ’ ಸಾಕು, ‘ಐ ಟೂ’ ಬೇಡ. ಕ್ರಿಯಾಪದ ಇಲ್ಲದೆ ಒಂಟಿಯಾಗಿ ನಿಂತಾಗ ಇಂಗ್ಲಿಷ್ ‘ಮಿ’ ಕಡೆಗೇ ವಾಲುತ್ತದೆ.

‘ಐ’ಯೋ ‘ಮಿ’ಯೋ ಗೊತ್ತಾಗದಾಗ ನಮ್ಮ ಜನ ಹಿಡಿಯುವ ಅಡ್ಡದಾರಿ ‘ಮೈಸೆಲ್ಫ್’. ಇದು ನನಗೆ ಸ್ವಲ್ಪ ತಲೆನೋವು. ‘ಪ್ಲೀಸ್ ಕಾಂಟ್ಯಾಕ್ಟ್ ಮೈ ಹಸ್ಬೆಂಡ್ ಆರ್ ಮೈಸೆಲ್ಫ್’ ಎಂದು ಬರೆದರೆ ಭಾರಿ ಆಫೀಸ್ ಭಾಷೆ ಅನಿಸುತ್ತದೆ. ಅಲ್ಲೂ ‘ಮಿ’ಯೇ ಸಾಕು. ‘ಮೈಸೆಲ್ಫ್ ಸುಧಾ ಫ್ರಮ್ ಚಿಕ್ಕಮಗಳೂರು’ ಎಂದು ಪರಿಚಯ ಮಾಡಿಕೊಳ್ಳುವುದಂತೂ ನಮ್ಮ ದೇಶದಲ್ಲಿ ಎಲ್ಲ ಕಡೆ ಇದೆ. ‘ಐ ಆಮ್ ಸುಧಾ’ ಎಂದರೆ ಮುಗಿಯಿತು. ಮಾಡಿದವರು ಮತ್ತು ಅನುಭವಿಸಿದವರು ಒಬ್ಬರೇ ಆದಾಗ ‘ಮೈಸೆಲ್ಫ್’ ಬೇಕು: ‘ಐ ಕಟ್ ಮೈಸೆಲ್ಫ್’, ಅಂದರೆ ನನ್ನ ಕೈ ನಾನೇ ಕುಯ್ದುಕೊಂಡೆ. ಅಥವಾ ‘ನಾನೇ’ ಎಂದು ಒತ್ತಿ ಹೇಳಲು: ‘ಐ ರೋಸ್ಟ್ ದಿ ಕಾಫಿ ಮೈಸೆಲ್ಫ್’. ಈ ಎರಡನೇ ವಾಕ್ಯವನ್ನು ನಿಮ್ಮ ಮೆನುವಿನಲ್ಲಿ ಧಾರಾಳವಾಗಿ ಹಾಕಿಕೊಳ್ಳಿ.

ಗುಂಪಿನ ಹೆಸರು ಸೇರಿದಾಗಲೂ ನಿಯಮ ಬದಲಾಗುವುದಿಲ್ಲ. ‘ನಾವು ಮಲೆನಾಡಿನವರು ಅಕ್ಕಿ ರೊಟ್ಟಿ ತಿನ್ನುತ್ತೇವೆ’ ಎಂದರೆ ‘ವಿ ಮಲ್ನಾಡ್ ಪೀಪಲ್ ಈಟ್ ಅಕ್ಕಿ ರೊಟ್ಟಿ’. ‘ಮಲೆನಾಡಿನವರಾದ ನಮಗೆ ಮಳೆ ಹೊಸದಲ್ಲ’ ಎಂದರೆ ‘ರೇನ್ ಈಸ್ ನಾಟ್ ನ್ಯೂ ಟು ಅಸ್ ಮಲ್ನಾಡ್ ಪೀಪಲ್’. ‘ಮಲ್ನಾಡ್ ಪೀಪಲ್’ ಎಂಬುದನ್ನು ಬೆರಳಿನಿಂದ ಮುಚ್ಚಿ ಓದಿದರೆ ‘ವಿ’ಯೋ ‘ಅಸ್’ ಎಂಬುದೋ ಕಾಣುತ್ತದೆ. ‘ಹೂ’ ಎಂಬುದರ ‘ಯಾರನ್ನು, ಯಾರಿಗೆ’ ರೂಪವಾದ ‘ಹೂಮ್’ ಬಗ್ಗೆ ನೀವು ಕೇಳಿಲ್ಲ. ಮಾತಿನಲ್ಲಿ ಈಗ ಅದು ಅಪರೂಪ. ‘ಟು’, ‘ವಿತ್’ ಇತ್ಯಾದಿಗಳ ಹಿಂದೆ ತಕ್ಷಣ ಬಂದರೆ ಬಳಸಿ, ಬೇರೆ ಕಡೆ ‘ಹೂ’ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

‘ಮೈ ಹಸ್ಬೆಂಡ್ ಅಂಡ್ ಐ’ ಎನ್ನಬೇಕೋ ‘ಐ ಅಂಡ್ ಮೈ ಹಸ್ಬೆಂಡ್’ ಎನ್ನಬೇಕೋ ಎಂದು ಬಹಳ ಜನ ಕೇಳುತ್ತಾರೆ. ತನ್ನ ಹೆಸರು ಕೊನೆಗೆ ಇಡುವುದು ಮರ್ಯಾದೆ, ವ್ಯಾಕರಣ ಅಲ್ಲ. ಕನ್ನಡದಲ್ಲಿ ‘ನಾನೂ ನನ್ನ ಗಂಡನೂ’ ಎಂದು ನಮ್ಮನ್ನೇ ಮೊದಲು ಹೇಳಿಕೊಳ್ಳುತ್ತೇವೆ, ಅದರಲ್ಲಿ ಅಹಂಕಾರ ಏನೂ ಇಲ್ಲ. ಇಂಗ್ಲಿಷಿನಲ್ಲಿ ಅವರ ಪದ್ಧತಿ ಹಿಡಿಯಿರಿ.

ಇನ್ನು ಮಾವನವರ ವಿಷಯ. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ‘ಅವನು’ ಎಂದು ಕರೆದ ಹಾಗೆ ಅನಿಸುತ್ತದೆ. ಆದರೆ ‘ಹಿ’ ಅಂದರೆ ‘ಅವನು’ ಮಾತ್ರ ಅಲ್ಲ, ಒಬ್ಬರೇ ಗಂಡಸರಾಗಿದ್ದರೆ ‘ಅವರು’ ಕೂಡ ಅದೇ. ಇಂಗ್ಲೆಂಡಿನ ರಾಜನಿಗೂ ‘ಹಿ’ಯೇ. ಹಿಂದೆ ಇಂಗ್ಲಿಷಿನಲ್ಲಿ ಎದುರಿಗಿದ್ದವರಿಗೆ ‘ನೀನು, ನೀವು’ ಎಂಬ ವ್ಯತ್ಯಾಸ ಇತ್ತು. ಸಲಿಗೆಯವರಿಗೆ ‘ದೌ’, ದೊಡ್ಡವರಿಗೆ ‘ಯು’. ಆ ‘ದೌ’ ದಿನಬಳಕೆಯಿಂದ ಹೋಗಿ, ಎಲ್ಲರಿಗೂ ‘ಯು’ ಆಯಿತು. ‘ಅವನು, ಅವರು’ ಎಂಬ ಮರ್ಯಾದೆ ಮಾತ್ರ ಅಲ್ಲಿ ಬೆಳೆಯಲೇ ಇಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ‘ದೇ’ ಅನ್ನುವುದು ಇಂಗ್ಲಿಷಿನಲ್ಲಿ ಉಂಟು, ‘ದೇ’ ಎಂದೇ ಕರೆಯಿರಿ ಎಂದು ಕೇಳಿಕೊಳ್ಳುವವರಿಗೂ ಅದು ಸಲ್ಲುತ್ತದೆ. ಹಿರಿಯರೆಂದು ‘ದೇ’ ಅನ್ನುವುದಿಲ್ಲ. ‘ದೇ ವಿಲ್ ಮೀಟ್ ಯು ಅಟ್ ದಿ ಸ್ಟೇಷನ್’ ಎಂದು ನೀವು ಕಳಿಸಿದರೆ, ಸಕಲೇಶಪುರದಲ್ಲಿ ರೈಲಿಳಿದ ಗೆಸ್ಟ್ ಮೂರ್ನಾಲ್ಕು ಜನರ ಗುಂಪನ್ನು ಹುಡುಕುತ್ತಾ ನಿಲ್ಲುತ್ತಾರೆ. ಮಾವನವರು ಒಬ್ಬರೇ ಛತ್ರಿ ಹಿಡಿದು ಎದುರಿಗೇ ನಿಂತಿದ್ದರೂ ಗೊತ್ತಾಗುವುದಿಲ್ಲ. ಮರ್ಯಾದೆಯನ್ನು ಬೇರೆ ಕಡೆ ಇಡಿ: ಮೊದಲ ಸಲ ‘ಮೈ ಫಾದರ್ ಇನ್ ಲಾ’ ಎಂದೋ, ಹೆಸರಿಗೆ ಮೊದಲು ‘ಮಿಸ್ಟರ್’ ಸೇರಿಸಿಯೋ ಪರಿಚಯಿಸಿ, ಆಮೇಲೆ ಧೈರ್ಯವಾಗಿ ಮುಂದುವರಿಯಿರಿ. ‘ಮೈ ಫಾದರ್ ಇನ್ ಲಾ ವಿಲ್ ಮೀಟ್ ಯು ಅಟ್ ಸಕಲೇಶಪುರ ಸ್ಟೇಷನ್. ಹಿ ವಿಲ್ ಬಿ ಇನ್ ಎ ವೈಟ್ ಜೀಪ್. ಪ್ಲೀಸ್ ಕಾಲ್ ಹಿಮ್ ಆರ್ ಮಿ ವೆನ್ ಯು ರೀಚ್.’ ಜೀಪಿನ ಬಣ್ಣ ಮಾತ್ರ ನಿಮ್ಮದು ಯಾವುದೋ ಅದನ್ನು ಹಾಕಿಕೊಳ್ಳಿ.